ಪುಣೆಯ ಹಾಲಿಗೆ ಜಪಾನಿನ ಹೆಪ್ಪು

ಪುಣೆಯ ಸಿಂಹಗಡ ರಸ್ತೆಯಲ್ಲಿ, ಪರ್ವತಿ ಗುಡ್ಡದ ಮಗ್ಗುಲಿಗೆ, ಎರಡು ಹೆಸರಿನ ಒಂದು ತೋಟವಿದೆ. ರಿಕ್ಷಾದವರಿಗೆ ಅದು ಪು. ಲ. ದೇಶಪಾಂಡೆ ಉದ್ಯಾನ. ಇನ್ನೊಂದು ಹೆಸರು ಪುಣೆ–ಒಕಾಯಾಮಾ ಮೈತ್ರಿ ಉದ್ಯಾನ. ಜಪಾನಿನ ಒಕಾಯಾಮಾ ನಗರದಲ್ಲಿರುವ ಮುನ್ನೂರು ವರ್ಷ ಹಳೆಯ ಕೊರಾಕುಎನ್ ತೋಟವನ್ನು ಮನಸ್ಸಿನಲ್ಲಿಟ್ಟುಕೊಂಡು ಹತ್ತು ಎಕರೆಯಲ್ಲಿ ಇದನ್ನು ಕಟ್ಟಿದರು. 2006ರಲ್ಲಿ ಬಾಗಿಲು ತೆರೆಯಿತು. ಮರಾಠಿಯ ಲೇಖಕ ಪು. ಲ. ಅವರ ಹೆಸರು ಇದಕ್ಕೆ ಬಂದದ್ದು ನನಗೆ ಸರಿಯೆನಿಸಿದೆ. ಅವರು ಜಪಾನಿಗೂ ಹೋಗಿಬಂದು ‘ಪೂರ್ವರಂಗ’ ಎಂಬ ಪ್ರವಾಸ ಕಥನ ಬರೆದವರು; ನಮ್ಮ ಬೆಳಗಾವಿಯ ರಾಣಿ ಪಾರ್ವತಿದೇವಿ ಕಾಲೇಜಿನಲ್ಲೂ ಕೆಲಕಾಲ ಪಾಠ ಹೇಳಿದವರು.

ಆ ತೋಟಕ್ಕೆ ಎಲ್ಲರೂ ಹುಲ್ಲುಹಾಸು, ಹೂವು, ಮರದ ಸೇತುವೆ ನೋಡಲು ಹೋಗುತ್ತಾರೆ. ನಾನು ನೀರು ನೋಡಲು ಹೋಗುತ್ತೇನೆ. ಮೇಲ್ಗಡೆಯ ನಾಲೆಯಿಂದ ಬರುವ ನೀರು ಸಣ್ಣ ಹಳ್ಳವಾಗಿ ತೋಟದೊಳಗೆ ಇಳಿಯುತ್ತದೆ, ಕಲ್ಲಿನ ಸಂದಿಯಲ್ಲಿ ಸುತ್ತಿ ಬಳಸಿ ಕೊಳಕ್ಕೆ ಸೇರುತ್ತದೆ. ನಾಲೆಗೆ ಆ ನೀರು ಖಡಕ್‌ವಾಸಲಾ ಅಣೆಕಟ್ಟಿನಿಂದ ಬರುತ್ತದೆ. ಅದು ಮುಠಾ ನದಿಯ ನೀರು. ಮುಠೆ ಊರೊಳಗೆ ಮುಳೆಯನ್ನು ಕೂಡಿ, ಇಬ್ಬರೂ ಮುಂದೆ ಭೀಮೆಯನ್ನು ಸೇರಿ, ಉಜನಿ ಜಲಾಶಯ ದಾಟಿ, ಪಂಢರಪುರದ ವಿಠ್ಠಲನ ಪಾದದ ಬುಡದಲ್ಲಿ ಹಾದು, ನನ್ನ ತವರಿಗೆ ಹೋಗುತ್ತಾರೆ. ನನ್ನ ತವರು ವಿಜಯಪುರ ಜಿಲ್ಲೆ ಇಂಡಿ ತಾಲೂಕಿನ ಭೀಮಾ ದಂಡೆ. 1984ರಲ್ಲಿ ಮದುವೆಯಾಗಿ ಪುಣೆಗೆ ಹೊರಟಾಗ ಅವ್ವ ಕಣ್ಣೀರು ಒರೆಸಿಕೊಂಡು ಹೇಳಿದ್ದಳು: “ಪುಣಾ ಏನ್ ದೂರ ಅಲ್ಲ ಬಿಡವಾ. ನಿಮ್ಮೂರ ನೀರು ನಮ್ಮೂರಿಗೇ ಬರ್ತಾವ.”

ಪುಣೆಗೆ ಬಂದ ಮೊದಲ ವಾರ ನಾವಿದ್ದ ವಾಡೆಯಲ್ಲಿ ಒಂದು ಸಣ್ಣ ಸಂಗತಿ ನಡೆಯಿತು. ಹಾಲು ಕಾಯಿಸಿಟ್ಟಿದ್ದೆ, ಹೆಪ್ಪು ಇರಲಿಲ್ಲ. ಬಟ್ಟಲು ಹಿಡಿದು ಪಕ್ಕದ ಮನೆಯ ಬಾಗಿಲಿಗೆ ಹೋದೆ. ಹೆಪ್ಪಿಗೆ ಮರಾಠಿಯಲ್ಲಿ ಏನಂತಾರೆ ಗೊತ್ತಿಲ್ಲ. ಬಟ್ಟಲು ತೋರಿಸಿ, ಬೆರಳ ತುದಿಯಲ್ಲಿ ‘ಇಷ್ಟೇ’ ಎಂದು ಸನ್ನೆ ಮಾಡಿದೆ. ಆ ವಹಿನಿ ನಕ್ಕು, “ವಿರಜಣ ಪಾಹಿಜೆ ಕಾ?” ಎಂದರು. ಒಂದು ಚಮಚ ಮೊಸರು ಕೊಟ್ಟರು. ಆಮೇಲೆ ಮೂವತ್ತು ವರ್ಷ ನಾನು ಜಪಾನಿ ಭಾಷೆಯ ದುಭಾಷಿಯಾಗಿ ಅನ್ನ ತಿಂದೆ. ಆದರೂ ನನ್ನ ವೃತ್ತಿಯ ಮೊದಲ ಪಾಠ ಆ ಬಾಗಿಲಲ್ಲೇ ಆಯಿತು ಎಂದುಕೊಂಡಿದ್ದೇನೆ. ಹೆಪ್ಪು ಕೊಡುವವರು ಕೊಡುವುದು ಒಂದು ಚಮಚ. ಹಾಲು ನಮ್ಮದು, ಉರಿ ನಮ್ಮದು, ರಾತ್ರಿಯಿಡೀ ಅಲುಗಿಸದೆ ಕಾಯುವುದು ನಮ್ಮದು. ಬೆಳಿಗ್ಗೆ ಮೊಸರಾದರೆ ಅದು ನಮ್ಮ ಮನೆಯ ಮೊಸರು. ಪುಣೆಗೂ ಜಪಾನಿಗೂ ಇರುವ ನೂರಿಪ್ಪತ್ತು ವರ್ಷಕ್ಕೂ ಮೀರಿದ ನಂಟನ್ನು ಓದುತ್ತ ಹೋದಂತೆ, ಎರಡು ದೇಶಗಳ ನಡುವಿನ ಕೊಡುಕೊಳ್ಳುವಿಕೆಯೂ ಇದೇ ಎಂದು ನನಗೆ ಗಟ್ಟಿಯಾಯಿತು.

*

ತೋಟಕ್ಕೆ ನೀರು ತರುವ ಆ ನಾಲೆಯ ಮೂಲದಲ್ಲೇ ನಮ್ಮವರೊಬ್ಬರ ಕೈಕೆಲಸವಿತ್ತು. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಪಡೆದು ಎಂಜಿನಿಯರಿಂಗ್ ಓದಲು ಬಂದದ್ದು ಪುಣೆಗೆ, ಸಂಗಮದ ಹತ್ತಿರದ ಕಾಲೇಜ್ ಆಫ್ ಸೈನ್ಸ್‌ಗೆ. 1883ರಲ್ಲಿ ಇಡೀ ಮುಂಬಯಿ ಪ್ರಾಂತ್ಯಕ್ಕೆ ಮೊದಲಿಗರಾಗಿ ತೇರ್ಗಡೆಯಾದರು. 1884ರಿಂದ ಆ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯ ನೌಕರಿ. ಪುಣೆಯಲ್ಲಿ ಅವರಿಗೆ ರಾನಡೆ, ಗೋಖಲೆಯವರ ಒಡನಾಟ ಸಿಕ್ಕಿತು. ದೇಶದ ಬಡತನಕ್ಕೆ ಮದ್ದೇನು ಎಂಬುದು ಆ ಕಾಲದ ಪುಣೆಯಲ್ಲಿ ದಿನದ ಮಾತು.

1898ರಲ್ಲಿ ಅವರು ಜಪಾನಿಗೆ ಹೋದರು. ಸರ್ಕಾರಿ ಎಂಜಿನಿಯರರು ರಜೆ ಸಿಕ್ಕರೆ ಇಂಗ್ಲೆಂಡಿನ ಹಡಗು ಹತ್ತುತ್ತಿದ್ದ ಕಾಲದಲ್ಲಿ ಅವರು ಪೂರ್ವಕ್ಕೆ ಮುಖ ಮಾಡಿದರು. ಜಪಾನಿನ ಹೊಸ ಆಡಳಿತ ಶುರುವಾಗಿದ್ದು 1868ರಲ್ಲಿ. ಅಂದರೆ ವಿಶ್ವೇಶ್ವರಯ್ಯ ಕಂಡದ್ದು ಮೂವತ್ತು ವರ್ಷದ ದುಡಿಮೆಯ ಫಲವನ್ನು. ಮಗು ಹುಟ್ಟಿ ಮನೆಯ ಭಾರ ಹೊರುವಷ್ಟರಲ್ಲಿ ಒಂದು ದೇಶ ಶಾಲೆ, ಕಾರ್ಖಾನೆ, ಬ್ಯಾಂಕು, ಹಡಗುಕಟ್ಟೆಗಳನ್ನು ಎಬ್ಬಿಸಿ ನಿಲ್ಲಿಸಿತ್ತು. ಆ ನೋಟ ಅವರನ್ನು ಕೊನೆಯವರೆಗೂ ಬಿಡಲಿಲ್ಲ. 1919ರ ಹೊತ್ತಿಗೆ ಮತ್ತೊಮ್ಮೆ ಲೋಕ ಸುತ್ತಿದಾಗಲೂ ಜಪಾನನ್ನು ನೋಡಿಬಂದರು. 1920ರಲ್ಲಿ ಪ್ರಕಟಿಸಿದ ‘ರಿಕನ್‌ಸ್ಟ್ರಕ್ಟಿಂಗ್ ಇಂಡಿಯಾ’ ಪುಸ್ತಕದಲ್ಲಿ ಮತ್ತೆ ಮತ್ತೆ ಜಪಾನನ್ನೇ ಮುಂದಿಟ್ಟು ಮಾತಾಡಿದರು.

ಜಪಾನಿನಿಂದ ಬಂದ ಮೇಲೆ, 1903ರಲ್ಲಿ, ಖಡಕ್‌ವಾಸಲಾ ಜಲಾಶಯಕ್ಕೆ ತಮ್ಮದೇ ವಿನ್ಯಾಸದ ಸ್ವಯಂಚಾಲಿತ ಗೇಟುಗಳನ್ನು ಕೂರಿಸಿದರು. ಮಳೆಗಾಲದಲ್ಲಿ ಕೋಡಿ ಬಿದ್ದು ವ್ಯರ್ಥವಾಗುತ್ತಿದ್ದ ನೀರನ್ನು ಆ ಗೇಟುಗಳು ಹಿಡಿದಿಟ್ಟವು. ಗೊತ್ತುಮಾಡಿದ ಮಟ್ಟ ಮೀರಿದರೆ ತಾವೇ ತೆರೆದುಕೊಂಡು ಹೆಚ್ಚುವರಿ ನೀರು ಬಿಡುತ್ತಿದ್ದವು, ಮಟ್ಟ ಇಳಿದರೆ ತಾವೇ ಮುಚ್ಚಿಕೊಳ್ಳುತ್ತಿದ್ದವು. ಅಣೆಕಟ್ಟಿನ ಮೇಲೆ ಒಂದು ಕಲ್ಲನ್ನೂ ಏರಿಸದೆ ನೀರಿನ ಸಂಗ್ರಹ ಹೆಚ್ಚಿತು. ಆ ಗೇಟುಗಳು ಜಪಾನಿನವಲ್ಲ, ಅವರ ಸ್ವಂತ ಬುದ್ಧಿಯ ಫಲ. ಆದರೆ ಇರುವ ಕಟ್ಟೆಯನ್ನೇ ಇನ್ನಷ್ಟು ಚೆನ್ನಾಗಿ ದುಡಿಸುವುದು ಹೇಗೆ ಎಂದು ಯೋಚಿಸುವ ಆ ಮನಸ್ಸನ್ನು ನಾನು ಮುಂದೆ ಜಪಾನಿ ಎಂಜಿನಿಯರರಲ್ಲೂ ಕಂಡೆ. ಕಂಡಾಗಲೆಲ್ಲ ಖಡಕ್‌ವಾಸಲಾ ನೆನಪಾಗುತ್ತಿತ್ತು. ಹಳೆಯ ಕಟ್ಟೆ 1961ರ ಜುಲೈ 12ರಂದು, ಮೇಲಿನ ಪಾನಶೆತ್ ಅಣೆಕಟ್ಟು ಒಡೆದು ಬಂದ ಪ್ರವಾಹಕ್ಕೆ ತುತ್ತಾಯಿತು. ಪುಣೆಯ ಹಿರಿಯರು ಇಂದಿಗೂ ವರ್ಷಗಳನ್ನು ‘ಪಾನಶೆತ್‌ಗಿಂತ ಮುಂಚೆ, ಆಮೇಲೆ’ ಎಂದೇ ಲೆಕ್ಕ ಹಾಕುತ್ತಾರೆ.

ವಿಶ್ವೇಶ್ವರಯ್ಯ ತಂದ ಹೆಪ್ಪು ಬಿದ್ದದ್ದು ಪುಣೆಗಿಂತ ಹೆಚ್ಚಾಗಿ ಮೈಸೂರಿನ ಹಾಲಿಗೆ. 1912ರಲ್ಲಿ ದಿವಾನರಾದರು. 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು, ಉದ್ಯಮಗಳಿಗೆ ಸರ್ಕಾರದ ಆಸರೆ. ಇವುಗಳ ಹಿಂದೆ 1898ರ ಆ ಪ್ರಯಾಣದ ನೆರಳಿದೆ. ರೇಷ್ಮೆಯಲ್ಲಂತೂ ಜಪಾನಿನ ಕೈ ಇನ್ನೂ ಮುಂಚಿನದು. ಜಮ್‌ಶೇಟ್‌ಜಿ ಟಾಟಾ ಅವರು ಬೆಂಗಳೂರಿನಲ್ಲಿ ಜಪಾನಿ ತಜ್ಞರನ್ನು ಕರೆಸಿ ರೇಷ್ಮೆ ತೋಟ ಮಾಡಿಸಿದ್ದರು. ಬಸವನಗುಡಿ ಕಡೆ ‘ಟಾಟಾ ಸಿಲ್ಕ್ ಫಾರ್ಮ್’ ಎಂಬ ಹೆಸರು ಇಂದಿಗೂ ಜನರ ಬಾಯಲ್ಲಿದೆ. ಅಲ್ಲಿಂದ ಸುಮಾರು ನೂರು ವರ್ಷ ಕಳೆದು, 1991ರಲ್ಲಿ, ಜಪಾನಿನ ಸಹಕಾರ ಸಂಸ್ಥೆ ಜೈಕಾ ಮತ್ತು ನಮ್ಮ ಕೇಂದ್ರ ರೇಷ್ಮೆ ಮಂಡಳಿ ಸೇರಿ ಮೈಸೂರಿನಲ್ಲಿ ದ್ವಿತಳಿ ರೇಷ್ಮೆಯ ಯೋಜನೆ ಶುರುಮಾಡಿದವು. ಚಳಿ ದೇಶದ ಸೂಕ್ಷ್ಮ ಹುಳುವನ್ನು ನಮ್ಮ ಬಿಸಿಲಿಗೆ ಒಗ್ಗುವ ತಳಿಯಾಗಿ ಬೆಳೆಸಲು ವರ್ಷಗಟ್ಟಲೆ ದುಡಿದರು. ಆ ದುಡಿಮೆಯನ್ನು ತಮ್ಮ ಮನೆಯ ತಟ್ಟೆಗಳಲ್ಲಿ ಪೂರ್ತಿ ಮಾಡಿದವರು ನಮ್ಮ ರೈತ ಹೆಣ್ಣುಮಕ್ಕಳು. ರಾತ್ರಿ ಎದ್ದು ಹುಳುವಿಗೆ ಸೊಪ್ಪು ಹಾಕಿದವರು ಅವರೇ.

*

ಪುಣೆಯ ಪಕ್ಕದ ತಳೇಗಾಂವಿನ ಕಥೆಯನ್ನು ಇಲ್ಲಿ ಹೇಳಲೇಬೇಕು. ಸ್ವದೇಶಿ ಚಳವಳಿಯ ದಿನಗಳಲ್ಲಿ ಅಂತಾಜಿ ದಾಮೋದರ ಕಾಳೆ ಎಂಬವರು ಊರೂರು ತಿರುಗಿ, ಒಬ್ಬೊಬ್ಬರಿಂದ ಒಂದು ಪೈಸೆ ಬೇಡಿ ‘ಪೈಸಾ ಫಂಡ್’ ಕೂಡಿಸಿದರು. ತಿಲಕರು ಬೆನ್ನಿಗೆ ನಿಂತರು. ಹೆಣ್ಣುಮಕ್ಕಳ ಕೈಯ ಬಳೆಯೂ ಬಹುಪಾಲು ಪರದೇಶದಿಂದ ಬರುತ್ತಿದ್ದ ಕಾಲ ಅದು. ಪೈಸೆ ಪೈಸೆ ಸೇರಿದ ಆ ಹಣದಿಂದ 1908ರಲ್ಲಿ ತಳೇಗಾಂವಿನಲ್ಲಿ ಗಾಜಿನ ಕಾರ್ಖಾನೆ ಎದ್ದಿತು. ಅದನ್ನು ನಡೆಸಲು ಬಂದವರು ಈಶ್ವರದಾಸ ವಾರ್ಷ್ಣೇಯ. ಅವರು ಗಾಜಿನ ವಿದ್ಯೆ ಕಲಿತದ್ದು ಜಪಾನಿನಲ್ಲಿ. ಆ ಕಾರ್ಖಾನೆಯಲ್ಲಿ ಗಾಜು ಮಾಡಿದರು ಅನ್ನುವುದಕ್ಕಿಂತ ಗಾಜು ಮಾಡುವವರನ್ನು ತಯಾರಿಸಿದರು. ತಳೇಗಾಂವಿನಲ್ಲಿ ಕೈ ಪಳಗಿಸಿಕೊಂಡವರು ದೇಶದ ಬೇರೆ ಬೇರೆ ಕಡೆ ಕುಲುಮೆ ಹೂಡಿದರು. ಆಗ ಭಾರತಕ್ಕೆ ಸ್ವಂತ ವಿದೇಶಾಂಗ ಖಾತೆಯಿಲ್ಲ, ರಾಯಭಾರಿಯಿಲ್ಲ. ಜಪಾನಿನೊಂದಿಗಿನ ನಂಟನ್ನು ನಡೆಸಿದ್ದು ಒಬ್ಬ ವಿದ್ಯಾರ್ಥಿಯ ಕಲಿಕೆ ಮತ್ತು ಸಾವಿರಾರು ಜನರ ಪೈಸೆ.

ಆದರೆ ನನ್ನ ಮನಸ್ಸು ಹೆಚ್ಚು ಹೊತ್ತು ನಿಲ್ಲುವುದು ಅಣ್ಣಾಸಾಹೇಬ ಕರ್ವೆಯವರ ಹತ್ತಿರ. ಫರ್ಗ್ಯೂಸನ್ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ ಧೋಂಡೋ ಕೇಶವ ಕರ್ವೆ 1893ರಲ್ಲಿ ವಿಧವೆಯನ್ನು ಮದುವೆಯಾದರು. ಅದಕ್ಕಾಗಿ ಸ್ವಂತ ಊರಿನವರು ಅವರಿಗೆ ಬಹಿಷ್ಕಾರ ಹಾಕಿದರು. 1896ರಲ್ಲಿ ವಿಧವೆಯರ ಆಶ್ರಮ ಕಟ್ಟಿದರು. ಅದನ್ನು ಊರಾಚೆಯ ಹಿಂಗಣೆಯ ಗುಡಿಸಲಿಗೆ ಸಾಗಿಸಿ, ಕಾಲೇಜಿನ ಪಾಠ ಮುಗಿಸಿ ದಿನಾ ನಡೆದುಕೊಂಡು ಅಲ್ಲಿಗೆ ಹೋಗುತ್ತಿದ್ದರು. ಇವತ್ತಿನ ಕರ್ವೆನಗರ ಆ ಹಿಂಗಣೆಯೇ.

1915ರಲ್ಲಿ ಅವರ ಕೈಗೆ ಒಂದು ಸಣ್ಣ ಪುಸ್ತಿಕೆ ಬಂತು, ಟೋಕಿಯೊದ ಜಪಾನ್ ಮಹಿಳಾ ವಿಶ್ವವಿದ್ಯಾಲಯದ ಬಗ್ಗೆ. ಅದನ್ನು 1901ರಲ್ಲಿ ನರುಸೆ ಜಿನ್‌ಜೋ ಎಂಬ ಶಿಕ್ಷಣವೇತ್ತ ಕಟ್ಟಿದ್ದರು. ಹೆಣ್ಣನ್ನು ಮೊದಲು ಮನುಷ್ಯಳೆಂದು, ಆಮೇಲೆ ಹೆಣ್ಣೆಂದು, ಆಮೇಲೆ ದೇಶದ ಪ್ರಜೆಯೆಂದು ತಿಳಿದು ಕಲಿಸಬೇಕು ಎಂಬುದು ಅವರ ನಂಬಿಕೆ. ಕರ್ವೆಯವರು ಪುಸ್ತಿಕೆಯ ಹಾಳೆ ತಿರುವಿ ಬದಿಗಿಟ್ಟರು. ಕೆಲವು ತಿಂಗಳ ನಂತರ ಅವರನ್ನು ಮುಂಬಯಿಯಲ್ಲಿ ಸೇರಲಿದ್ದ ರಾಷ್ಟ್ರೀಯ ಸಾಮಾಜಿಕ ಪರಿಷತ್ತಿನ ಅಧ್ಯಕ್ಷರನ್ನಾಗಿ ಆರಿಸಿದರು. ಭಾಷಣಕ್ಕೆ ವಿಷಯ ಹುಡುಕುವಾಗ ಬದಿಗಿಟ್ಟದ್ದು ನೆನಪಾಯಿತು. ಮತ್ತೆ ತೆಗೆದು ಓದಿದರು. ಆ ವರ್ಷದ ಡಿಸೆಂಬರಿನಲ್ಲಿ ಅಧ್ಯಕ್ಷಪೀಠದಿಂದ, ಭಾರತದ ಹೆಣ್ಣುಮಕ್ಕಳಿಗೂ ಅವರದೇ ವಿಶ್ವವಿದ್ಯಾಲಯ ಬೇಕು ಎಂದು ಕೇಳಿದರು.

1916ರ ಜುಲೈಯಲ್ಲಿ ಹಿಂಗಣೆಯಲ್ಲಿ ಅದು ಶುರುವಾಯಿತು, ಐದು ವಿದ್ಯಾರ್ಥಿನಿಯರೊಂದಿಗೆ. ಐದೇ. ಪಾಠವೆಲ್ಲ ಮಾತೃಭಾಷೆಯಲ್ಲಿ. ಇಂಗ್ಲಿಷ್ ಒಂದು ವಿಷಯವಾಗಿ ಮಾತ್ರ. ಹೆಣ್ಣುಮಕ್ಕಳು ಕಾಲೇಜಿಗೆ ಬರದಂತೆ ತಡೆದಿದ್ದ ದೊಡ್ಡ ಗೋಡೆಗಳಲ್ಲಿ ಪರಭಾಷೆಯೂ ಒಂದು ಎಂದು ಕರ್ವೆ ಗುರುತಿಸಿದ್ದರು. 1920ರಲ್ಲಿ ಸರ್ ವಿಠ್ಠಲದಾಸ ಠಾಕರ್ಸಿ 15 ಲಕ್ಷ ರೂಪಾಯಿ ಕೊಟ್ಟರು, ವಿಶ್ವವಿದ್ಯಾಲಯಕ್ಕೆ ಅವರ ತಾಯಿಯ ಹೆಸರು ಬಂತು. ಇವತ್ತು ಎಸ್‌ಎನ್‌ಡಿಟಿ ಎಂದರೆ ಎಲ್ಲರಿಗೂ ಗೊತ್ತು. ಶಾಸನದ ಮನ್ನಣೆ ಸಿಕ್ಕಿದ್ದು ಮಾತ್ರ 1951ರಲ್ಲಿ. ಮೂವತ್ತೈದು ವರ್ಷ ಜನರ ದೇಣಿಗೆಯ ಮೇಲೆ, ಮನ್ನಣೆಯಿಲ್ಲದೆ ಪದವಿ ಕೊಟ್ಟರು. 1929ರಲ್ಲಿ ಎಪ್ಪತ್ತು ದಾಟಿದ ಕರ್ವೆ ದೇಶಾಂತರ ಹೊರಟು, ಕೊನೆಗೆ ಜಪಾನಿಗೂ ಹೋಗಿಬಂದರು. ಆ ಪುಸ್ತಿಕೆಯ ನಾಡಿಗೆ, ಇಲ್ಲಿ ಮೊಸರಾಗಿದೆ ಎಂದು ಹೇಳಲು ಹೋದಂತೆ ನನಗೆ ಕಾಣುತ್ತದೆ.

ಅದೇ 1916ರ ಜುಲೈಯಲ್ಲಿ ಅಲ್ಲಿ ಮೈಸೂರಿನಲ್ಲೂ ಒಂದು ವಿಶ್ವವಿದ್ಯಾಲಯ ಹುಟ್ಟಿತು ಎಂಬುದನ್ನು ನಾನು ಕಲಿಸುವ ತರಗತಿಯಲ್ಲಿ ಪ್ರತಿ ವರ್ಷ ಹೇಳುತ್ತೇನೆ. ಒಂದರ ಹಿಂದೆ ಜಪಾನಿಗೆ ಹೋಗಿಬಂದ ಎಂಜಿನಿಯರ್, ಇನ್ನೊಂದರ ಹಿಂದೆ ಜಪಾನಿನ ಪುಸ್ತಿಕೆ ಓದಿದ ಗಣಿತದ ಮೇಷ್ಟ್ರು. ಇಬ್ಬರೂ ನೂರು ವರ್ಷ ದಾಟಿ ಬಾಳಿದರು, ಇಬ್ಬರಿಗೂ ಭಾರತರತ್ನ ಬಂತು, ಇಬ್ಬರೂ 1962ರಲ್ಲಿ ತೀರಿಕೊಂಡರು. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲ ಹೆಣ್ಣುಮಗಳು ನಾನು. ಆ ಐವರು ವಿದ್ಯಾರ್ಥಿನಿಯರ ಹೆಸರು ಹೇಳಿ ದೀಪ ಹಚ್ಚಬೇಕು ಅನ್ನಿಸುತ್ತದೆ.

*

ಎರಡನೇ ಮಹಾಯುದ್ಧ ಬಂತು, ನಂಟು ಕಡಿಯಿತು. ಯುದ್ಧ ಮುಗಿದ ಮೇಲೆ ಅದನ್ನು ಮತ್ತೆ ಜೋಡಿಸಿದ ಮೊದಲ ದೂತ ಒಂದು ಆನೆ, ಅದೂ ಮೈಸೂರು ಸೀಮೆಯ ಆನೆ. ಟೋಕಿಯೊದ ಉಎನೊ ಮೃಗಾಲಯದ ಆನೆಗಳನ್ನು ಯುದ್ಧಕಾಲದಲ್ಲಿ ಉಪವಾಸ ಕೆಡವಿ ಸಾಯಿಸಿದ್ದರು. ಅಲ್ಲಿನ ಮಕ್ಕಳು ನೆಹರೂ ಅವರಿಗೆ ಕಾಗದ ಬರೆದು ಆನೆ ಕೇಳಿದರು. 1949ರಲ್ಲಿ ನೆಹರೂ ತಮ್ಮ ಮಗಳ ಹೆಸರಿಟ್ಟ ‘ಇಂದಿರಾ’ ಆನೆಯನ್ನು ಕಳಿಸಿದರು. ಆ ಆನೆಗೆ ತಿಳಿಯುತ್ತಿದ್ದ ಮಾತು ಕನ್ನಡ. ಜೊತೆಗೆ ಹೋದ ಮಾವುತರು ಅಲ್ಲೇ ಉಳಿದು, ಆನೆಯ ಮಾತನ್ನು ಜಪಾನಿ ಪಾಲಕರಿಗೆ ಕಲಿಸಿ ಬಂದರು. ದುಭಾಷಿಯ ಕೆಲಸದಲ್ಲಿ ಬೇಸರವಾದ ದಿನ ನಾನು ಆ ಮಾವುತರನ್ನು ನೆನೆಯುತ್ತಿದ್ದೆ. ಟೋಕಿಯೊದ ನಡುವೆ, ಸೋತು ಸುಣ್ಣವಾದ ಊರಿನಲ್ಲಿ, ಮಕ್ಕಳ ಗುಂಪಿನ ಮುಂದೆ ಕನ್ನಡದಲ್ಲಿ ಆನೆಯನ್ನು ಕೂರಿಸಿ ಏಳಿಸಿದ ಅವರು ನನ್ನ ವೃತ್ತಿಯ ಹಿರಿಯರು.

1952ರಲ್ಲಿ ಎರಡು ದೇಶಗಳ ರಾಜತಾಂತ್ರಿಕ ಸಂಬಂಧ ವಿಧಿವತ್ತಾಗಿ ಶುರುವಾಯಿತು. ಭಾರತವು ಸ್ಯಾನ್ ಫ್ರಾನ್ಸಿಸ್ಕೊದ ಶಾಂತಿಸಭೆಗೆ ಹೋಗದೆ, ಆ ವರ್ಷದ ಜೂನ್ 9ರಂದು ಜಪಾನಿನೊಂದಿಗೆ ಬೇರೆಯದೇ ಒಪ್ಪಂದ ಮಾಡಿಕೊಂಡು, ಯುದ್ಧಪರಿಹಾರ ಬೇಡವೆಂದಿತು. ಸೋತವರ ಕೈಯಿಂದ ಕಸಿಯದ ಆ ನಡೆಯನ್ನು ಹಿರಿಯ ಜಪಾನೀಯರು ಮರೆತಿರಲಿಲ್ಲ. ನನಗೇ ಎಷ್ಟೋ ಜನ ಊಟದ ಹೊತ್ತಿನಲ್ಲಿ ಅದನ್ನು ನೆನಪಿಸಿದ್ದಾರೆ. 1958ರಲ್ಲಿ ಜಪಾನು ಯೆನ್ ಸಾಲ ಕೊಡಲು ಶುರುಮಾಡಿದಾಗ ಮೊದಲ ಸಾಲ ಬಂದದ್ದು ಭಾರತಕ್ಕೆ.

ನಮ್ಮ ಮನೆಗೆ ಜಪಾನು ಬಂದದ್ದು ಅಪ್ಪನ ಮಣಿಕಟ್ಟಿನ ಮೇಲೆ. ಬೆಂಗಳೂರಿನ ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಗಡಿಯಾರ ಮಾಡಲು ಶುರುಮಾಡಿತು. ಅಪ್ಪ ದಿನಾ ಬೆಳಿಗ್ಗೆ ಆಕಳಿಗೆ ಮೇವು ಹಾಕಿ, ಕೈ ತೊಳೆದು, ಆ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದ. ಅದನ್ನು ನಾವು ‘ನಮ್ಮ ಬೆಂಗಳೂರಿನ ಗಡಿಯಾರ’ ಎಂದೇ ಅಂದುಕೊಂಡಿದ್ದೆವು. ಅಂದುಕೊಂಡದ್ದು ತಪ್ಪಾಗಿರಲಿಲ್ಲ. ಹೆಪ್ಪು ಎಲ್ಲಿಯದೆಂದು ಮರೆಯುವಷ್ಟು ಮೊಸರು ನಮ್ಮದಾಗಿತ್ತು.

*

ಪುಣೆಯಲ್ಲಿ 1970ರ ದಶಕದಿಂದಲೇ ಜಪಾನಿ ಕಲಿಸುವವರಿದ್ದರು. ಮರಾಠಿ ಮಧ್ಯಮವರ್ಗದ ಮನೆಗಳಲ್ಲಿ ಜರ್ಮನ್ ಕಲಿಯುವಂತೆಯೇ ಜಪಾನಿ ಕಲಿಯುವುದೂ ಒಂದು ರೂಢಿಯಾಯಿತು. ಇವತ್ತು ಜಪಾನಿ ಕಲಿಯುವವರ ವಿಷಯದಲ್ಲಿ ದೇಶದ ಮುಂಚೂಣಿಯ ಊರು ಪುಣೆ. ನಾನು ಸಂಜೆಯ ತರಗತಿಗೆ ಸೇರಿದ್ದು ಫರ್ಗ್ಯೂಸನ್ ರಸ್ತೆಯ ರಾನಡೆ ಇನ್‌ಸ್ಟಿಟ್ಯೂಟಿನಲ್ಲಿ. ಮನೆಯವರು ಪಿಂಪರಿಯಲ್ಲಿ ಮಶೀನ್ ಶಾಪಿನ ಕೆಲಸದಲ್ಲಿದ್ದರು. ಜಪಾನಿ ಯಂತ್ರದ ಮೇಲಿನ ಬರಹ ಓದಲಾಗದೆ ಒಂದು ದಿನ ಅದನ್ನು ಕಾಗದದ ಮೇಲೆ ಬರೆದು ತಂದಿದ್ದರು. ಕುತೂಹಲ ಅಲ್ಲಿಂದ ಹತ್ತಿತು.

ಕಲಿಯುತ್ತ ಹೋದಂತೆ ಬೆರಗಾಯಿತು. ‘ವತಾಶಿ ವಾ ಗಕ್ಕೋ ನಿ ಇಕಿಮಾಸು’: ನಾನು ಶಾಲೆಗೆ ಹೋಗುತ್ತೇನೆ. ಪದಗಳ ಸಾಲು ಒಂದೇ. ನಮ್ಮ ‘ಗೆ’ ಇರುವಲ್ಲಿ ಅವರ ‘ನಿ’. ಕೊನೆಗೆ ಕ್ರಿಯಾಪದ. ಪ್ರಶ್ನೆ ಕೇಳಬೇಕಾದರೆ ನಾವು ಕೊನೆಗೆ ‘ಆ’ ಹಚ್ಚುತ್ತೇವೆ, ಅವರು ‘ಕಾ’ ಹಚ್ಚುತ್ತಾರೆ. ಇನ್ನೂ ಒಳಗೆ ಹೋದರೆ ‘ತಬೆತೆ ಮಿರು’. ಪದಕ್ಕೆ ಪದ, ‘ತಿಂದು ನೋಡು’. ರುಚಿ ನೋಡುವುದನ್ನು ಕಣ್ಣಿನ ಕೆಲಸವೆಂದು ಅವರೂ ಹೇಳುತ್ತಾರೆ. ಮರಾಠಿಯಲ್ಲೂ ‘ಖಾವೂನ್ ಬಘ್’ ಇದೆ. ‘ವಸುರೆತೆ ಶಿಮತ್ತಾ’ ಎಂದರೆ ‘ಮರೆತುಬಿಟ್ಟೆ’, ಆ ‘ಬಿಟ್ಟೆ’ಯ ಕೊರಗಿನ ಸಮೇತ. ಇಂಗ್ಲಿಷಿನ ಮೂಲಕ ಕಲಿತವರು ತಿಂಗಳುಗಟ್ಟಲೆ ಒದ್ದಾಡಿದ್ದನ್ನು ನಾನು ಇಂಡಿಯ ಕನ್ನಡದ ಮೂಲಕ ವಾರದಲ್ಲಿ ದಾಟಿದೆ. ಮಾತೃಭಾಷೆಯಲ್ಲಿ ಕಲಿಯಿರಿ ಎಂದ ಕರ್ವೆಯವರ ಮಾತಿಗೆ ನನ್ನ ಬದುಕೇ ಸಾಕ್ಷಿ.

ಆಗ ಪುಣೆಯ ಸುತ್ತ ಜಪಾನಿನ ಕಂಪನಿಗಳ ಓಡಾಟ ಹೆಚ್ಚುತ್ತಿತ್ತು. ಬಜಾಜ್ ಆಟೋ 1986ರಲ್ಲಿ ಕವಾಸಾಕಿ ಜೊತೆಗೂಡಿ ಕೆಬಿ 100 ಬೈಕನ್ನು ರಸ್ತೆಗಿಳಿಸಿತು. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರುವಾಗಿ, ಕಬ್ಬಿಣದ ನೇಗಿಲು ಮಾಡಿ ಬೆಳೆದ ಕಿರ್ಲೋಸ್ಕರ್ ಮನೆತನ 1988ರಲ್ಲಿ ಎಬಾರಾ ಕಂಪನಿಯೊಂದಿಗೆ ಪಂಪಿಗಾಗಿ ಕೈಜೋಡಿಸಿತು. ಅದೇ ಮನೆತನದ ಇನ್ನೊಂದು ಕವಲು 1997ರಲ್ಲಿ ಟೊಯೋಟಾ ಜೊತೆ ನಮ್ಮ ಬಿಡದಿಗೆ ಹೋಯಿತು. ದುಭಾಷಿಗಳಿಗೆ ಕೈತುಂಬ ಕೆಲಸ.

ನನ್ನ ಒಂದು ತಪ್ಪನ್ನು ಇಲ್ಲಿ ಹೇಳಬೇಕು. ಒಂದು ಕಾರ್ಖಾನೆಯಲ್ಲಿ, ಬಿಡಿಭಾಗವೊಂದನ್ನು ಮುಂಚೆ ಹೇಳಿದ ದಿನಕ್ಕಿಂತ ಬೇಗ ಕೊಡಿಸಿ ಎಂದು ನಮ್ಮವರು ಕೇಳಿದರು. ಜಪಾನಿನ ಹಿರಿಯ ಎಂಜಿನಿಯರ್ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮುಜುಕಶೀ ದೆಸು ನೆ’ ಎಂದರು. ನಾನು ‘ಕಷ್ಟ ಅಂತಾರೆ’ ಎಂದು ಅನುವಾದಿಸಿದೆ. ಪದಕ್ಕೆ ಪದ ಸರಿ. ನಮ್ಮವರು ‘ಕಷ್ಟವಾದರೂ ಮಾಡಿಕೊಡುತ್ತಾರೆ’ ಎಂದು ತಿಳಿದು ಮುಂದಿನ ಏರ್ಪಾಡು ಮಾಡಿಕೊಂಡರು. ಜಪಾನಿಯಲ್ಲಿ ಅದು ‘ಆಗುವುದಿಲ್ಲ’ ಎಂಬುದರ ಮರ್ಯಾದೆಯ ರೂಪ. ಭಾಗ ಬರಲಿಲ್ಲ, ಲೈನು ನಿಂತಿತು. ಆ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಮನೆಯಲ್ಲೂ ಹೆಣ್ಣು ನೋಡಲು ಬಂದವರು “ನೋಡೂಣಂತ ತಗೋರಿ” ಅಂದರೆ ಅವ್ವ ಒಳಗೆ ಬಂದು “ಇವ್ರು ಒಲ್ಲೆ ಅಂದ್ರು” ಅನ್ನುತ್ತಿದ್ದಳಲ್ಲ! ನನಗೆ ಗೊತ್ತಿದ್ದ ಸಂಗತಿಯೇ. ಪದವನ್ನು ದಾಟಿಸಿದೆ, ಮನಸ್ಸನ್ನು ದಾಟಿಸಲಿಲ್ಲ. ಅಂದಿನಿಂದ ಮೌನವನ್ನೂ ಅನುವಾದಿಸುವುದು ಕಲಿತೆ.

ಅದೇ ಎಂಜಿನಿಯರ್ ನನಗೆ ‘ಗೆಂಬಾ’ ಎಂಬ ಪದದ ಅರ್ಥ ತಿಳಿಸಿಕೊಟ್ಟರು. ಕೆಲಸ ನಿಜವಾಗಿ ನಡೆಯುವ ಜಾಗ ಅದು. ತೊಂದರೆಯಾದರೆ ಕಚೇರಿಯಲ್ಲಿ ಕಾಗದ ನೋಡಬೇಡ, ಗೆಂಬಾಗೆ ಹೋಗು, ನೋಡು, ಅಲ್ಲಿಯವರನ್ನು ಕೇಳು. ‘ಕೈಜೆನ್’, ದಿನಾ ಚೂರುಚೂರು ಸುಧಾರಣೆ, ಈಗ ಪುಣೆಯ ಪ್ರತಿ ಕಾರ್ಖಾನೆಯ ಗೋಡೆಯ ಮೇಲಿದೆ. ಆದರೆ ಅದು ನಿಜವಾಗಿ ಬೇರು ಬಿಟ್ಟದ್ದು ಕೆಲಸಗಾರರ ಮಾತನ್ನು ಮೇಲಿನವರು ಕೇಳಿಸಿಕೊಂಡ ಕಡೆ ಮಾತ್ರ. ಗೋಡೆಗೆ ಬರೆದಷ್ಟಕ್ಕೆ ಬೇರು ಬಿಡುವುದಿಲ್ಲ. ಎರಡನ್ನೂ ನಾನು ಕಣ್ಣಾರೆ ಕಂಡಿದ್ದೇನೆ.

*

ಈಗ ನೀರಿಗೆ ಮರಳುತ್ತೇನೆ. ಒಕಾಯಾಮಾದ ಕೊರಾಕುಎನ್ ತೋಟವನ್ನು ಅಲ್ಲಿನ ಪಾಳೆಯಗಾರ ಇಕೆದಾ ತ್ಸುನಮಸ 1687ರಲ್ಲಿ ಕಟ್ಟಿಸಲು ಶುರುಮಾಡಿದ, 1700ರಲ್ಲಿ ಮುಗಿಯಿತು. ಅಸಾಹಿ ನದಿಯ ನಡುವಿನ ದ್ವೀಪದಲ್ಲಿದೆ ಅದು. ಅರಮನೆಯ ತೋಟವಾದರೂ ಒಳಗೆ ಭತ್ತದ ಗದ್ದೆಯಿದೆ, ಚಹಾದ ಗಿಡಗಳಿವೆ. ಕೊರಾಕುಎನ್ ಎಂಬ ಹೆಸರಿನಲ್ಲೇ ಒಂದು ಹಳೆಯ ಚೀನೀ ನೀತಿಯಿದೆ: ಆಳುವವನು ಲೋಕಕ್ಕಿಂತ ಮೊದಲು ಚಿಂತೆ ಪಡಬೇಕು, ಲೋಕವೆಲ್ಲ ಸುಖಪಟ್ಟ ಮೇಲೆ ತಾನು ಸುಖಪಡಬೇಕು. ‘ಕೊರಾಕು’ ಎಂದರೆ ಆಮೇಲಿನ ಸುಖ.

ಪುಣೆಯವರಾದ ನಾವು ಆ ತೋಟವನ್ನು ಮೊದಲು ತಂದೆವು. ಚಿಂತೆಗೆ ಆಮೇಲೆ ಕೂತೆವು. ತೋಟದಿಂದ ಸ್ವಲ್ಪವೇ ದೂರ ದಾಂಡೇಕರ್ ಸೇತುವೆ ಇದೆ, ಮುಂದೆ ಮುಠೆ ಇದೆ. ನಾಲೆಯಲ್ಲಿ ಕನ್ನಡಿಯಂತೆ ಬಂದ ನೀರು ನಮ್ಮ ಲಕ್ಷಾಂತರ ಅಡುಗೆಮನೆ, ಬಚ್ಚಲುಗಳನ್ನು ಹಾದು, ಶುದ್ಧವಾದಷ್ಟು ಶುದ್ಧವಾಗಿ, ಉಳಿದಷ್ಟು ಹಾಗೆಯೇ ಮುಠೆಗೆ ಬೀಳುತ್ತದೆ. ಬೇಸಗೆಯಲ್ಲಿ ಸೇತುವೆಯ ಮೇಲೆ ಮೂಗು ಮುಚ್ಚದೆ ನಿಲ್ಲಲಾಗುವುದಿಲ್ಲ.

ಆ ನದಿಗಾಗಿಯೇ 2016ರ ಜನವರಿಯಲ್ಲಿ ಜೈಕಾ ಮತ್ತು ಭಾರತ ಸರ್ಕಾರದ ನಡುವೆ ಸಾಲದ ಒಪ್ಪಂದವಾಯಿತು. ಮುಳಾ-ಮುಠಾ ಮಾಲಿನ್ಯ ನಿವಾರಣೆಗೆ ಸುಮಾರು 1,906 ಕೋಟಿ ಯೆನ್, ನಮ್ಮ ಲೆಕ್ಕದಲ್ಲಿ ಆಗ ಸುಮಾರು 1,000 ಕೋಟಿ ರೂಪಾಯಿ. ಬಡ್ಡಿ ವರ್ಷಕ್ಕೆ ಶೇ. 0.30, ಅಂದರೆ ನೂರು ರೂಪಾಯಿಗೆ ಮೂವತ್ತು ಪೈಸೆ. ತೀರಿಸಲು 40 ವರ್ಷ, ಅದರಲ್ಲಿ ಮೊದಲ ಹತ್ತು ವರ್ಷ ವಿನಾಯಿತಿ. 11 ಹೊಸ ಶುದ್ಧೀಕರಣ ಘಟಕಗಳು, ಅವುಗಳಿಗೆ ಹೊಲಸು ನೀರು ಸಾಗಿಸುವ ಕೊಳವೆಗಳು. 2022ರ ಜನವರಿಗೆ ಮುಗಿಯಬೇಕಿತ್ತು. ಆ ಗಡುವು ದಾಟಿಹೋಯಿತು, ಕೆಲಸ ಮುಂದುವರಿಯಿತು. ಬೆಂಗಳೂರಿಗೆ ಕಾವೇರಿ ಐದನೇ ಹಂತದ ನೀರು ಬಂದದ್ದೂ ಇದೇ ಜೈಕಾ ಸಾಲದ ನೆರವಿನಿಂದ. ಅಲ್ಲಿ ನೀರು ತರಲು ಸಾಲ, ಇಲ್ಲಿ ನೀರು ತೊಳೆಯಲು ಸಾಲ.

ಇಷ್ಟು ಕಡಿಮೆ ಬಡ್ಡಿಗೆ ಇಷ್ಟು ದೀರ್ಘ ಸಾಲ ಕೊಡುವುದು ಸ್ನೇಹದ ಮಾತು, ಒಪ್ಪುತ್ತೇನೆ. ಆದರೆ ನಲವತ್ತು ವರ್ಷವೆಂದರೆ 2056. ನನ್ನ ಮೊಮ್ಮಗಳು ನಡುವಯಸ್ಸಿನ ಹತ್ತಿರ ಬಂದಾಗ ಈ ಸಾಲದ ಕೊನೆಯ ಕಂತು ತೀರುತ್ತದೆ. ಅಷ್ಟರಲ್ಲಿ ಘಟಕಗಳು ದಿನವೂ ನಡೆಯಬೇಕು, ಕರೆಂಟು ಬಿಲ್ಲು ಕಟ್ಟಬೇಕು, ಕೊಳವೆ ಸೋರಿದರೆ ಅಂದೇ ಹೋಗಿ ನೋಡಬೇಕು. ಗೆಂಬಾ ಅಂದರೆ ಅದೇ. ಒಂದು ಪುಸ್ತಿಕೆಯನ್ನು ನಂಬಿ ಮೂವತ್ತೈದು ವರ್ಷ ಮನ್ನಣೆಯಿಲ್ಲದೆ ದುಡಿದ ಊರು ಇದು. ಪೈಸೆ ಪೈಸೆ ಕೂಡಿಸಿ ಕುಲುಮೆ ಹಚ್ಚಿದ ಸೀಮೆ ಇದು. ಹೆಪ್ಪು ಬಂದಿದೆ. ಹಾಲು ಕೆಡದಂತೆ ನೋಡಿಕೊಳ್ಳುವುದನ್ನು ಒಕಾಯಾಮಾದವರು ಬಂದು ಮಾಡಿಕೊಡಲಾರರು.

ಅವ್ವ ಈಗಿಲ್ಲ. ತಮ್ಮ ಭೀಮಾ ದಂಡೆಯ ಹೊಲದಲ್ಲಿ ಕಬ್ಬು, ನಿಂಬೆ ಮಾಡಿಕೊಂಡಿದ್ದಾನೆ. ಉಜನಿಯಿಂದ ನೀರು ಬಿಟ್ಟ ಸುದ್ದಿ ಬಂದರೆ ಫೋನು ಮಾಡುತ್ತಾನೆ. “ಅಕ್ಕಾ, ನಿಮ್ಮೂರ ನೀರು ಬಂದಾವ ನೋಡು” ಅನ್ನುತ್ತಾನೆ. ನಾನು ಮೊದಲು ಕೇಳುವುದು ಬಣ್ಣವನ್ನು. ಒಮ್ಮೆ ಹಸಿರು ಅನ್ನುತ್ತಾನೆ, ಒಮ್ಮೆ ಬರೀ ಕೆಸರು ಅನ್ನುತ್ತಾನೆ. ಆಮೇಲೆ ಅವನು ನನ್ನನ್ನು ಕೇಳುತ್ತಾನೆ, ಅಲ್ಲಿ ಹೆಂಗ ಅದಾವ ಎಂದು. ನಾನು ತೋಟದ ಮರದ ಸೇತುವೆಯ ಮೇಲೆ ನಿಂತು ಕೆಳಗೆ ನೋಡುತ್ತೇನೆ. ಇಲ್ಲಿ ತಳದ ಕಲ್ಲು ಕಾಣುತ್ತವೆ ಎಂದು ಹೇಳಲು ನಾಲಿಗೆ ಏಳುವುದಿಲ್ಲ. ಇಲ್ಲಿ ಕಾಣುವ ಕಲ್ಲು ಅಲ್ಲಿಯೂ ಕಾಣಬೇಕು, ಅವನ ಹೊಲದ ಕೆಳಗೆ, ಅವ್ವ ಕೊಡ ತುಂಬುತ್ತಿದ್ದ ಜಾಗದಲ್ಲಿ.